ಹಂಚಿನ ಕಾರ್ಖಾನೆಯ ಮೇಲಿನ ಮನೆ

೨೦೨೪ ನವೆಂಬರ್ ೧೨, ಮಂಗಳವಾರ. ಬೆಳಿಗ್ಗೆ ಹತ್ತೂಮುಕ್ಕಾಲು. ಕೋಡಿಬಾಗ.

…ಅಷ್ಟೇ, ಬೊಮ್ಮು. ನೀನು ಸುಳ್ಳು ಹೇಳಬೇಕಾಗಿಲ್ಲ, ಹೇಳಿದವಳು ನಾನು. ನೀನು ತಲೆಯಾಡಿಸಿದರೆ ಸಾಕು. ಹನ್ನೊಂದಕ್ಕೆ ಇಂಜಿನಿಯರ್ ಕಿಶನ ಬಂದು, ಗೋಡೆ ತಟ್ಟಿ ನೋಡಿದೆಯಂತೆ, ಒಳಗೆ ಟೊಳ್ಳಂತೆ, ನಿಜವೇ ಎಂದು ಕೇಳುತ್ತಾನೆ. ನೀನು ಹೀಗೆ, ಮೆಲ್ಲಗೆ, ಒಮ್ಮೆ… ಏಕೆ ನಗುತ್ತೀ?

ನಿನ್ನ ಹೆಸರನ್ನಲ್ಲದೆ ಇನ್ನಾರದನ್ನು ಹೇಳಲಿ? ಮೂವತ್ತು ವರ್ಷ ಈ ಕಾರ್ಖಾನೆಯ ಒಂದೊಂದು ಹಂಚನ್ನೂ ಬೆರಳ ಗೆಣ್ಣಿನಿಂದ ತಟ್ಟಿ, ಸದ್ದು ಕೇಳಿ, ಇದು ಗಟ್ಟಿ, ಇದು ಬಿರುಕು ಎಂದು ವಿಂಗಡಿಸಿದವನು ನೀನು. ನನ್ನ ಅಪ್ಪನೂ ನಿನ್ನ ಮಾತು ಮೀರಿದವರಲ್ಲ.

ಹೌದು, ಕಾರ್ಖಾನೆಯನ್ನು ಕೆಡವದೆ ಮನೆಗಳಾಗಿ ಮಾಡೋಣ ಎಂದವಳೂ ನಾನೇ. ಕೆಳಗೆ ಹಳೆಯ ಕೆಲಸಗಾರರಿಗೆ ಎಂಟು ಮನೆ. ಮೇಲೆ, ಅಪ್ಪನ ಕಚೇರಿಯಿದ್ದಲ್ಲಿ, ನನಗೊಂದು. ಈಗ ಮನಸ್ಸು ಬದಲಾಯಿತು; ಗೋಡೆ ಟೊಳ್ಳೆಂದಾದರೆ ಕೆಡವಬಹುದು. ನಿವೃತ್ತ ಪ್ರಾಂಶುಪಾಲೆಗೆ ಆ ಹಕ್ಕಿಲ್ಲವೇ? ಕೆಡವಿ ಐದು ಮಹಡಿ ಕಟ್ಟಿದರೆ ಕೋಡಿಬಾಗಕ್ಕೇ ಶೋಭೆ. ಲಿಫ್ಟ್ ಬರುತ್ತದೆ. ನನಗಲ್ಲ, ಊರಿಗೆ. ನಿಮ್ಮ ಎಂಟು ಮನೆಗಳೇ? ಮುಂದೆ ನೋಡೋಣ ಎಂದಿದ್ದಾನೆ ಬಿಲ್ಡರ್.

ಅಲ್ಲೇನು ತೋರಿಸುತ್ತೀ? ನಿನ್ನ ಜೊತೆ ಕೆಲಸಕ್ಕಿದ್ದ ಮಾದಿ ತನ್ನ ಪಾಲಿನ ಮನೆಯ ಗೋಡೆಗೆ ಸುಣ್ಣದಲ್ಲಿ ಹೆಸರು ಬರೆದು ಹೋಗಿದ್ದಾಳೆ. ಕಂಡೆ. ಒಲೆ ಎಲ್ಲಿ ಬರಬೇಕೆಂದು ಗೀಟೂ ಎಳೆದಿದ್ದಾಳೆ. ಹಬ್ಬುವಾಡದ ಬಾಡಿಗೆ ಕೋಣೆಯನ್ನು ಮಾರ್ಚಿಗೆ ಬಿಡುತ್ತಾಳೆಂಬುದೂ ಗೊತ್ತು… ತಟ್ಟಬೇಡ. ತಟ್ಟಬೇಡ ಎಂದೆ.

ಕೇಳಿಸಿತು. ಟಣ್ ಎಂದಿತು. ನನಗೂ ಕಿವಿಯಿದೆ. ಕೆಳಗಿನದು ಗಟ್ಟಿಯಿರಬಹುದು, ದೋಷವಿರುವುದು ಮೇಲಿನ ಗೋಡೆಯಲ್ಲಿ. ಹೋಗಿ ಅದನ್ನು ತಟ್ಟಿ ಬಾ. ಏಕೆ ನಿಂತೆ?

ಓ, ಹಳೆಯ ರಿವಾಜು. ಧಣಿಗಳು ಮುಂದೆ ಹತ್ತದೆ ಕೆಲಸದವರು ಈ ಮೆಟ್ಟಿಲು ತುಳಿಯುವಂತಿಲ್ಲ. ಕಾರ್ಖಾನೆ ಮುಚ್ಚಿಯೇ ಹದಿನೈದು ವರ್ಷವಾಯಿತಲ್ಲ, ಮಾರಾಯ. ನೀನು ನಡೆ. ನಾನು… ಸೀರೆಗೆ ಧೂಳಾಗುತ್ತದೆ. ಚಪ್ಪಲಿಯೂ ಜಾರುತ್ತದೆ. ಕೈ ಚಾಚಬೇಡ, ನನಗೆ ಯಾರ ಕೈಯೂ ಬೇಡ.

ಹಾಗೆ ನೋಡಬೇಡ, ಬೊಮ್ಮು.

ಇಪ್ಪತ್ತೆರಡು ಮೆಟ್ಟಿಲು. ಹೋದ ವಾರ ಒಬ್ಬಳೇ ಬಂದು ಏಳು ಹತ್ತಿದೆ. ಇಳಿದದ್ದು ಕುಳಿತುಕೊಂಡು, ಒಂದೊಂದಾಗಿ, ತೆವಳುವ ಮಗುವಿನ ಹಾಗೆ. ಈಗ ನಗಬಹುದು. …ನಗುವುದಿಲ್ಲವೇ?

ನನಗೆ ಕೆಳಗಿನ ಮನೆಯೇ ಇರಲಿ ಎಂದರೆ, ಏಕೆ ಎಂದು ಕೇಳುತ್ತಾರಲ್ಲ. ಆಮೇಲೆ ದಾರಿಯಲ್ಲಿ ಸಿಕ್ಕವರೆಲ್ಲ, ಅಕ್ಕೋರೇ, ಮಂಡಿ ಹೇಗಿದೆ? ಎಣ್ಣೆ ಹಚ್ಚಿದಿರಾ? ಅದಕ್ಕಿಂತ ಗೋಡೆಯ ಮೇಲೆ ತಪ್ಪು ಹೊರಿಸುವುದು ಸುಲಭವೆನಿಸಿತು. ಗೋಡೆ ಎದುರಾಡುವುದಿಲ್ಲ. ನೀನೂ ಎದುರಾಡುವುದಿಲ್ಲವೆಂದುಕೊಂಡಿದ್ದೆ. ಮಾತಾಡದೆಯೇ ಎದುರಾಡಿದೆ.

ಅದೋ, ಕಿಶನನ ಬೈಕು. ನೀನು ತಲೆಯಾಡಿಸಬೇಡ, ನಾನೇ ಹೇಳುತ್ತೇನೆ. ಕಾರ್ಖಾನೆಯನ್ನು ಕೆಡವುವುದಿಲ್ಲ. ಕೆಳಗೆ ನಿನಗೆಂದು ಬರೆದ ಮನೆಯಲ್ಲಿ ನಾನಿರುತ್ತೇನೆ. ಅಪ್ಪನ ಕಚೇರಿಯ ಜಾಗ ನಿನಗೆ.