ಯಂತ್ರದ ಕೂಗು

...ಏಳ್ಬೇಡಿ ಅತ್ತಿಗೆ, ಕೂತ್ಕೊಳ್ಳಿ! ಅಣ್ಣನ ಪಕ್ಕದಲ್ಲೇ ಇರಿ. ಊಟಕ್ಕಾ? ಇಲ್ಲಿಗೇ ತಂದ್ಕೊಡ್ತೀನಿ. ಆಪರೇಷನ್ ಆದವರ ಜೊತೆ ಮನೆಯವರು ಇದ್ರೆ ಒಳ್ಳೇದಲ್ವಾ, ಅದಕ್ಕೆ...

ಬೆವರಾ? ಕಂಪ್ಯೂಟರ್ ರೂಮಿಂದ ಮೆಟ್ಟಿಲು ಹತ್ತಿ ಓಡ್ಬಂದೆ, ಅಷ್ಟೇ. ಅಣ್ಣನ್ನ ಈ ಮಂಚಕ್ಕೆ ಹಾಕಿ ಅಂತ ಯಾರು ಹೇಳಿದ್ದು? ಕಿಟಕಿ ಹತ್ರ ಆರಾಮಾಗಿದ್ನಲ್ಲ! ...ಅಯ್ಯೋ, ನಿಮ್ಮ ಮೇಲೆ ಯಾಕೆ ಕೋಪ?

ಈ ಮಂಚದ ಯಂತ್ರ ಹಳೇದು, ಅದಕ್ಕೇ ಕೇಳ್ದೆ. ಬೆರಳಿಗೆ ಕ್ಲಿಪ್ ಇದೆಯಲ್ಲ, ನಾಡಿ ಏರುಪೇರಾದ್ರೆ ಇದು ಕೆಳಗೆ ಹೊಸದಾಗಿ ತಂದಿರೋ ದೊಡ್ಡ ಕಂಪ್ಯೂಟರ್, ಅಂದ್ರೆ ನಮ್ಮ ಸರ್ವರ್‌ಗೆ ತಿಳಿಸತ್ತೆ. ಆಗ ಅದು ಸಿಸ್ಟರ್ ಮೇಜಿನ ಮೇಲೆ ಗಂಟೆ ಬಾರಿಸತ್ತೆ. ಇಲ್ಲಿ ಸದ್ದು ಬರಲ್ಲ, ರೋಗಿಗಳ ನಿದ್ದೆ ಕೆಡತ್ತೆ ಅಂತ ತೆಗೆಸಿದಾರೆ.

ಯಾಕೆ ಹಾಗೆ ನೋಡ್ತೀರಿ? ಏನೂ ಆಗಿಲ್ಲ! ಒಂದು ಸಣ್ಣ ತಕರಾರು. ಸರ್ವರ್‌ಗೆ ಗೊತ್ತಿರೋದು 'ಕೊಡು', 'ತಗೋ' ಅನ್ನೋ ಥರದ ನಾಲ್ಕು ಮಾತು. ಈ ಯಂತ್ರ 'ಕೂಗು' ಅಂತ ತನ್ನದೇ ಮಾತಾಡತ್ತೆ. ಸರ್ವರ್ 'ನಂಗೆ ಅರ್ಥ ಆಗಲ್ಲ' ಅಂತು. ಇದು ಬಿಡ್ಬೇಕಲ್ಲ! ಕೂಗು, ಕೂಗು, ಕೂಗು... ಬೆಳಿಗ್ಗೆ ಇಡೀ ಆಸ್ಪತ್ರೆಯ ಕಂಪ್ಯೂಟರ್‌ಗಳು ನಿಂತ್ಹೋದ್ವು. ಮ್ಯಾನೇಜರ್ ನನ್ನ ತಲೆ ಮೇಲೇ ನಿಂತಿದ್ರು, 'ಈಗ್ಲೇ ಸರಿ ಮಾಡ್ತೀಯೋ, ಮನೆಗೆ ಹೋಗ್ತೀಯೋ' ಅಂತ. ಆ ಮಾತು ಬಂದ್ರೆ ಹಿಡಿಯೋಕೆ ಅಂತ್ಲೇ ಒಂದು ಹ್ಯಾಂಡ್ಲರ್ ಬರೆದೆ. ಚಿಕ್ಕ ಪ್ರೋಗ್ರಾಂ. ಕೂಗು ಬಂದ್ರೆ 'ಮುಟ್ಟಿತು' ಅನ್ನತ್ತೆ. ಎಲ್ಲಾ ತಣ್ಣಗಾಯ್ತು. ಬೆನ್ನು ತಟ್ಟಿದ್ರು ಗೊತ್ತಾ!

...ಅತ್ತಿಗೆ? ಏನ್ಮಾಡ್ತಿದೀರಿ? ಕ್ಲಿಪ್ ಯಾಕೆ ತೆಗೀತೀರಿ, ಹಾಕಿ! ...ಪರದೆ ಕೆಂಪಾಯ್ತು. ನೋಡಿ, 'ಮುಟ್ಟಿತು' ಅಂತ ಬಂತು. ಸಿಸ್ಟರ್ ಬರ್ತಾರೆ. ಅಲ್ಲೇ ಕೂತಿದಾರಲ್ಲ, ಗಾಜಿನಾಚೆ... ಈಗ ಏಳ್ತಾರೆ... ಏಳ್ತಾರೆ...

ತಲೆ ಕೂಡ ಎತ್ಲಿಲ್ಲ.

ಹಾಕ್ಬಿಡಿ ಕ್ಲಿಪ್, ನಿಮ್ಮ ಕಾಲಿಗೆ ಬೀಳ್ತೀನಿ. ಹಾಂ... ಹಾಗೆ. ಅಣ್ಣ ಚೆನ್ನಾಗಿದಾನೆ, ಉಸಿರಾಡ್ತಿದಾನೆ. ಬೈಯ್ರಿ ಅತ್ತಿಗೆ, ಬೈಯ್ರಿ! ...ಗಂಟೆ ಬಾರಿಸೋ ಭಾಗ ಬರೆದೇ ಇಲ್ಲ. ಬರೀ ಉತ್ತರ ಕೊಟ್ಟು ಬಾಯಿ ಮುಚ್ಚಿಸ್ದೆ. ಸಂಜೆಯೊಳಗೆ ಬರೀತೀನಿ, ಯಾರಿಗೂ ಗೊತ್ತಾಗಲ್ಲ. ಅಲ್ಲೀವರೆಗೆ ನೀವು ಅಣ್ಣನ್ನ ನೋಡ್ತಾ ಇದ್ರೆ ಸಾಕು...

ಆ ಕಡೆ ಯಾಕೆ ನೋಡ್ತೀರಿ?

...ಹೌದು. ಆ ಅಜ್ಜಿ ಮಂಚಕ್ಕೂ ಇದೇ ಯಂತ್ರ. ಮೂಲೇಲಿರೋ ಹುಡುಗಿಗೂ. ಇಲ್ಲ, ಅವರ ಜೊತೆ ಯಾರೂ ಇಲ್ಲ.

ಹಾಗೆ ನೋಡ್ಬೇಡಿ ಅತ್ತಿಗೆ... ನಂಗೆ ಅಣ್ಣ ಒಬ್ನೇ ನೆನಪಾಗಿದ್ದು! ಈ ಮಂಚದಲ್ಲಿ ಬೇರೆಯವರಿದ್ದಿದ್ರೆ... ಬರ್ತಾನೇ ಇರ್ಲಿಲ್ಲ ನಾನು.

...ಅಜ್ಜಿ ಪರದೆ. ಅತ್ತಿಗೆ, ಅಜ್ಜಿ ಪರದೆ ಕೆಂಪಾಗಿದೆ! ಯಾವಾಗಿಂದ... ಸಿಸ್ಟರ್! ಸಿಸ್ಟರ್, ಓಡ್ಬನ್ನಿ! ಗಂಟೆ ನಂಬ್ಬೇಡಿ, ಸಿಸ್ಟರ್!