ಸ್ವಿಚ್ ಬಳಿ ನಿಂತವನು

ಅಧ್ಯಕ್ಷರೇ, ಮಾಲೀಕರೇ, ಮುಂದಿನ ಸಾಲಿನ ಅತಿಥಿಗಳೇ, ಮೂವತ್ತೊಂದು ವರ್ಷ ನನ್ನ ಬೈಗುಳ ತಿಂದ ಲಿಫ್ಟ್ ಮೆಕ್ಯಾನಿಕ್ ಗೆಳೆಯರೇ, ಸಭಿಕರೇ,

ಇಂದು ಮಧ್ಯಾಹ್ನ ಮೂರು ಗಂಟೆಗೆ, ಎರಡು ತಿಂಗಳ ಹಿಂದಿನ ಅಪಘಾತದ ತನಿಖಾ ವರದಿ ನಮ್ಮ ಕಚೇರಿಗೆ ಬಂದಿದೆ. ನಮ್ಮ ಹೊಸ ಮೆಕ್ಯಾನಿಕ್ ಮೌನಿಯ ಬಲಗೈ ಹೋದದ್ದು ಅವನದೇ ಅಜಾಗರೂಕತೆಯಿಂದ, ಅವನನ್ನು ಕೆಲಸದಿಂದ ತೆಗೆಯಬಹುದು ಎಂದು ಅದರಲ್ಲಿದೆ. ಓದಿ ಹೇಳಿದವರು ಕಚೇರಿಯ ಟೈಪಿಸ್ಟ್. "ನಿಮ್ಮ ಹೇಳಿಕೆಯಿಂದ್ಲೇ ಎಲ್ಲಾ ಸಲೀಸಾಯ್ತು ನೋಡಿ, ಮೇಸ್ತ್ರಿ" ಎಂದರು.

ನಿವೃತ್ತಿಯ ದಿನ ಇದೆಲ್ಲ ಯಾಕೆ ಎಂದು ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಸ್ವಲ್ಪ ತಾಳಿ ಸರ್. ತಾವು ನನ್ನನ್ನು ಇಪ್ಪತ್ತು ನಿಮಿಷ ಹೊಗಳಿದಾಗ ನಾನೂ ತಾಳಿಕೊಂಡಿದ್ದೆ.

"ಯಾರ ಆಸರೆಯೂ ಇಲ್ಲದೆ ಮೇಲೆ ಬಂದವರು" ಎಂದಿರಿ. ಆ ಮಾತನ್ನು ಹಬ್ಬಿಸಿದವನು ನಾನೇ.

ನಮ್ಮಲ್ಲಿ ಹೊಸಬರಿಗೆ ಒಂದು ಪರೀಕ್ಷೆಯಿದೆ. ಯಾವ ಕಾಗದದಲ್ಲೂ ಬರೆದಿಲ್ಲ. ಮೂರನೇ ವಾರ ಯಂತ್ರದ ಕೋಣೆಯ ಬೀಗದ ಕೈ ಕೊಟ್ಟು ಒಬ್ಬನನ್ನೇ ಕಳಿಸುವುದು. ಅವನು ಕರೆದರೂ ಮೇಸ್ತ್ರಿ ಹೋಗಬಾರದು. ತಾನಾಗಿ ಮುಗಿಸಿದರೆ ಕೆಲಸ ಗಟ್ಟಿ, ಇಲ್ಲದಿದ್ದರೆ ಮನೆಯ ದಾರಿ. ನನ್ನ ಗುರುಗಳು ನನಗೆ ಮಾಡಿದ್ದನ್ನು ನಾನು ಹತ್ತೊಂಬತ್ತು ಜನರಿಗೆ ಮಾಡಿದೆ. ಅವರಲ್ಲಿ ಹನ್ನೆರಡು ಮಂದಿ ಇಲ್ಲಿದ್ದೀರಿ, ಈಗಷ್ಟೇ ಚಪ್ಪಾಳೆ ತಟ್ಟಿದಿರಿ. ಉಳಿದ ಏಳು ಮಂದಿ ಎಲ್ಲಿ? ನಾನು ಎಂದಾದರೂ ವಿಚಾರಿಸಿದೆನೇ?

ಇಪ್ಪತ್ತನೆಯವನು ಮೌನಿ. ಗಡಿಯಾರ ರಿಪೇರಿ ಬಿಟ್ಟು ಬಂದವನು, ನಲವತ್ತರ ಹತ್ತಿರದ ವಯಸ್ಸು. ಮಾತು ಕಡಿಮೆ, ಅದಕ್ಕೇ ಆ ಹೆಸರು. ಎರಡು ತಿಂಗಳ ಹಿಂದೆ, ಆರು ಅಂತಸ್ತಿನ ಕಟ್ಟಡ. ಮೇಲೆ ಹಗ್ಗದ ಗಾಲಿಗೆ ಕೈ ಹಾಕುವಾಗ, ಆರಿಸಿಟ್ಟ ಮುಖ್ಯ ಸ್ವಿಚ್ಚನ್ನು ಯಾರೂ ಹಾಕದಂತೆ ನೆಲಮಹಡಿಯಲ್ಲಿ ನಮ್ಮವನೊಬ್ಬ ಅದರ ಬಳಿ ನಿಲ್ಲಲೇಬೇಕು. ನಾನು ಕೋಣೆಯ ಹೊರಗೆ ಮೆಟ್ಟಿಲ ಮೇಲೆ ಕುಳಿತು ಟೀ ಕುಡಿಯುತ್ತಿದ್ದೆ.

"ಮೇಸ್ತ್ರಿ, ಕೆಳಗೆ ಸ್ವಿಚ್ ಹತ್ರ ಯಾರೂ ಇಲ್ಲ" ಎಂದ. ನಾನು ಇನ್ನೊಂದು ಗುಟುಕು ಟೀ ಕುಡಿದೆ.

"ಮೇಸ್ತ್ರಿ, ಇದೀರಾ? ಸ್ವಲ್ಪ ಕೆಳಗೆ ನಿಂತ್ಕೋತೀರಾ?"

ಮೂರನೇ ಸಲ ಬರೀ "ಮೇಸ್ತ್ರಿ" ಎಂದ. ಇಡೀ ವಾರದಲ್ಲಿ ಅವನು ಅಷ್ಟು ಮಾತಾಡಿರಲಿಲ್ಲ. ಪರವಾಗಿಲ್ಲ, ಕಲೀಲಿ ಎಂದುಕೊಂಡೆ.

ಲಿಫ್ಟ್ ನಿಂತಿದೆ ಎಂದು ಬಾಡಿಗೆದಾರರು ಗಲಾಟೆ ಮಾಡಿದರು, ಗೇಟಿನಲ್ಲಿದ್ದ ಕಟ್ಟಡದ ಕಾವಲುಗಾರ ಬಂದು ಸ್ವಿಚ್ ಹಾಕಿದ. ಅವನಿಗೇನು ಗೊತ್ತು? ಗಾಲಿ ತಿರುಗಿತು.

ಮರುದಿನ ನಾನು ಕೊಟ್ಟ ಹೇಳಿಕೆ ಒಂದೇ ಸಾಲು: "ಅವನು ನನ್ನನ್ನು ಕರೆಯಲಿಲ್ಲ." ಎಲ್ಲರೂ ನಂಬಿದರು. ಮೌನಿ ಯಾರನ್ನು ತಾನೇ ಕರೆದಾನು?

ಅವನ ಹೆಂಡತಿ ಮಾತ್ರ ನಂಬಲಿಲ್ಲ. ವರ್ಕ್‌ಶಾಪ್ ಬಾಗಿಲಲ್ಲಿ ನಿಂತು ಕೇಳಿದಳು. "ಅಣ್ಣಾ, ಮೂರು ಸಲ ಕೂಗಿದ್ರಂತೆ. ನಿಮಗೆ ಕೇಳಿಸ್ಲೇ ಇಲ್ವಾ?"

"ಇಲ್ಲಮ್ಮ."

"ನಿಮಗೆ ಕಿವಿ ಚೆನ್ನಾಗಿದೆಯಲ್ಲ ಅಣ್ಣ. ಕೆಳಗೆ ನಿಂತು ಆರನೇ ಮಹಡಿಯ ಬೇರಿಂಗ್ ಸದ್ದು ಹೇಳ್ತೀರಿ ಅಂತ ಇವರು ಹೇಳೋರು."

ನಾನು ಸ್ಪ್ಯಾನರ್ ಒರೆಸುತ್ತಾ ನಿಂತೆ.

ಇನ್ನೊಂದು ವಿಷಯ. ಇದನ್ನು ನನ್ನ ಹೆಂಡತಿಗೂ ಹೇಳಿಲ್ಲ. ನನ್ನ ಪರೀಕ್ಷೆಯ ದಿನ ನಾನು ಬೀಗದ ಕೈ ಹಿಡಿದು ಯಂತ್ರದ ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟಿದ್ದೆ. ಆ ಕಟ್ಟಡಕ್ಕೆ ಬಣ್ಣ ಬಳಿಯಲು ಬಂದವನೊಬ್ಬ ನನ್ನ ಮುಖ ನೋಡಿ, "ಏನ್ ಮಾಡ್ಬೇಕು ಹೇಳು ತಮ್ಮಾ" ಎಂದ. ಅರ್ಧ ಗಂಟೆ ಬ್ರಶ್ ಹಿಡಿದೇ ಸ್ವಿಚ್ ಬಳಿ ನಿಂತ. ಗುರುಗಳು ಬಂದು ಬೆನ್ನು ತಟ್ಟಿದಾಗ ನಾನು ಅವನ ಸುದ್ದಿಯೇ ಎತ್ತಲಿಲ್ಲ. ಇಂದಿಗೂ ಅವನ ಹೆಸರು ನನಗೆ ಗೊತ್ತಿಲ್ಲ. ಮಾಲೀಕರು ಈಗಷ್ಟೇ ಕೊಟ್ಟ ಈ ಸನ್ಮಾನ ಫಲಕದ ಮೇಲೆ ನನ್ನ ಹೆಸರಿದೆ. ಇದನ್ನು ಮೇಜಿನ ಮೇಲೇ ಬಿಟ್ಟು ಹೋಗುತ್ತೇನೆ, ಮಾಲೀಕರು ಕ್ಷಮಿಸಬೇಕು.

ಇಷ್ಟು ಹೊತ್ತು ಕೇಳಿದ್ದಕ್ಕೆ ಎಲ್ಲರಿಗೂ ಕೃತಜ್ಞ. ವರದಿಗೆ ಆಕ್ಷೇಪಣೆ ಇರುವವರು ಸೋಮವಾರ ಬೆಳಗ್ಗೆ ಹನ್ನೊಂದಕ್ಕೆ ತನಿಖಾಧಿಕಾರಿಯ ಮುಂದೆ ಹಾಜರಾಗಬೇಕು. ಎರಡನೇ ಮಹಡಿ, ಕೋಣೆ ಸಂಖ್ಯೆ ಒಂಬತ್ತು. ನನ್ನ ಹೇಳಿಕೆ ಬದಲಿಸಲು ನಾನು ಹೋಗುತ್ತಿದ್ದೇನೆ. ನಮಸ್ಕಾರ.