ದೋಣಿಯಜ್ಜನ ಎರಡನೇ ಸಾವು

ನಿನ್ನಾಣೆ, ಈ ಕತ್ತರಿಯಾಣೆ, ನಾನು ಹೇಳಿದ ಒಂದೊಂದು ಮಾತೂ ನಿಜ! ದೋಣಿ ಮಗುಚಿತು, ನಿಜ. ನಮ್ಮಜ್ಜ, ಅಂದರೆ ನಿನ್ನ ಮುತ್ತಜ್ಜ, ಹನ್ನೊಂದು ಜನರನ್ನ ಜುಟ್ಟು ಹಿಡಿದು ದಡಕ್ಕೆ ಎಳೆದ, ನಿಜ. ಹನ್ನೆರಡನೆಯವನಿಗೆ ಅಂತ ಮುಳುಗಿದವನು ಮೇಲೆ ಬರಲೇ ಇಲ್ಲ, ಅದೂ... ಯಾಕೆ ನಗ್ತೀಯ? ಏನು? ಆ ದೋಣೀಲಿ ಕೂರ್ತಿದ್ದದ್ದೇ ಒಂಬತ್ತು ಜನವಾ? ಯಾರು ಹೇಳಿದ್ದು? ಓಹೋ, ದೋಣಿಗಳ ಪಟ್ಟಿ! ಪಟ್ಟಿಗೆ ಈಜೋಕೆ ಬರುತ್ತಾ? ಮಿಕ್ಕ ಮೂವರು ದೋಣಿ ಅಂಚು ಹಿಡ್ಕೊಂಡು ಬರ್ತಿದ್ದರು ಅಂತ ಇಟ್ಕೊ!

ಮೊದಲು ಆ ಕಾಗದ ತೆಗಿ. ಇದು ಬಟ್ಟೆ ಕತ್ತರಿಸೋ ಮೇಜು. ವಂಶವೃಕ್ಷವಂತೆ! ಎರಡು ಮಂಚಕ್ಕಾಗೋ ಹೊದಿಕೆಯಷ್ಟಿದೆ. ನಾಳೆ ಗಿರಾಕಿಗೆ ಕೋಟು ಕೊಡಬೇಕು ನಾನು. ಸಿಟ್ಟಲ್ಲಿ ನಿನ್ನ ಇಡೀ ವಂಶಕ್ಕೇ ಕತ್ತರಿ ಹಾಕಿಬಿಟ್ಟೇನು, ಜೋಕೆ!

ಒಂಬತ್ತು ದಿನ ರಜೆ ಹಾಕಿ ದಾಖಲೆ ಕೋಣೆಯ ಧೂಳು ಕುಡಿದು ಬಂದಿದ್ದೀಯ. ಯಾರು ಕುಡಿ ಅಂದಿದ್ದು? ಋಷಿಮೂಲ, ನದಿಮೂಲ ಕೆದಕಬಾರದು ಅಂತಾರೆ. ನೀನು ನದೀಲಿ ಮುಳುಗಿದವನ ಮೂಲಕ್ಕೇ ಕೈ ಹಾಕಿದ್ದೀಯಲ್ಲೇ! ಭಾನುವಾರ ಎಲ್ಲರೂ ನಿಮ್ಮ ಮನೇಲಿ ಸೇರ್ತಾರೆ, ಇದನ್ನ ಗೋಡೆಗೆ ಹಾಕ್ತೀಯ. ಹಾಕು. ನಾನೇನು ಬೇಡ ಅಂದೆನಾ? ದೋಣಿಯಜ್ಜನ ಹೆಸರಿನ ಕೆಳಗೆ 'ಹೊಳೆಯಲ್ಲಿ ಸತ್ತ' ಅಂತ ಬರಿ, ಮುಗೀತು... ಬರೆಯೋಕೆ ಆಗಲ್ವಾ? ಯಾಕೆ ಆಗಲ್ಲ?

ಏನದು? ಮರಣದ ದಾಖಲೆ ನಕಲಾ? ತಾ ಇಲ್ಲಿ. ಕನ್ನಡಕ ಎಲ್ಲಿ... ದೋಣಿ ಮುಳುಗಿ ಹತ್ತೊಂಬತ್ತು ವರ್ಷ ಆದಮೇಲೆ, ಎಲ್ಲೋ ಇನ್ನೊಂದು ಊರಿನ ಆಸ್ಪತ್ರೇಲಿ... ಹೋಗೇ! ಇವನ್ಯಾರೋ ಬೇರೆ. ಅದೇ ಹೆಸರಿನವರು ಬೀದಿಗೆ ಮೂರು ಜನ ಸಿಗ್ತಾರೆ. ತಂದೆ ಹೆಸರೂ ಅದೇನಾ? ಹುಟ್ಟಿದ ಊರೂ ಅದೇನಾ? ಹಾಗಾದರೆ ಗುಮಾಸ್ತನ ತಪ್ಪು! ಎತ್ತು ಈಯ್ತು ಅಂದರೆ ಕರುವಿನ ಜನನ ಬರ್ಕೊಳ್ಳೋ ಜನ ಅವರು!

ಕೆಳಗೆ ಓದಬೇಕಾ? ಏನಿದೆ ಕೆಳಗೆ? 'ಮಾಹಿತಿ ನೀಡಿದವರ ರುಜು'...

ಇದು ನನ್ನ ರುಜು ಅಲ್ಲ. ಅಲ್ಲ ಅಂದೆನಲ್ಲ! ಗೋಡೆ ಮೇಲಿನ ಅಂಗಡಿ ಪರವಾನಗಿ ಯಾಕೆ ನೋಡ್ತೀಯ? ಅದಕ್ಕೂ ಇದಕ್ಕೂ... ಹೌದು! ಎರಡೂ ಒಂದೇ ರುಜು! ನಂದೇ! ಸಾಕಾ? ಹೊಟ್ಟೆ ತಣ್ಣಗಾಯ್ತಾ?

ಆಗ ನನಗೆ ಇಪ್ಪತ್ನಾಲ್ಕು. ಆಸ್ಪತ್ರೆ ನರ್ಸಮ್ಮ ಅವನ ಮಾತು ಕೇಳಿ ನಮ್ಮ ಮನೆಗೆ ಒಂದು ಕಾರ್ಡು ಬರೆದಿದ್ದಳು. ಅಂಚೆಯವನು ಮನೆಗೆ ಹೋಗೋ ಬದಲು ಇಲ್ಲಿಗೆ ತಂದುಕೊಟ್ಟ. ನಿಮ್ಮಪ್ಪನಿಗೆ ಹೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಗುಂಡಿ, ದಾರ ತರ್ತೀನಿ ಅಂತ ಬಸ್ ಹತ್ತಿದೆ. ಹೋಗಿ ನೋಡ್ತೀನಿ, ಕಿಟಕಿ ಪಕ್ಕದ ಮಂಚದ ಮೇಲೆ ನಿಮ್ಮಪ್ಪನ ಮೂಗು ಮಲಗಿದೆ!

ಒಬ್ಬರನ್ನೂ ಎಳೀಲಿಲ್ಲವಂತೆ ಕಣೇ ಅವನು. ಒಬ್ಬರನ್ನೂ! ಮೂವರು ನೀರಲ್ಲಿ ಕೂಗ್ತಾ ಇದ್ದರಂತೆ, ಇವನು ಆಚೆ ದಡಕ್ಕೆ ಈಜಿ ಕಾಲಿಗೆ ಬುದ್ಧಿ ಹೇಳಿದ. ವಾಪಸ್ ಬರೋಕೆ ಮುಖ ಇರಲಿಲ್ಲವಂತೆ. ಹತ್ತೊಂಬತ್ತು ವರ್ಷ ಯಾವುದೋ ಮರದ ಅಡ್ಡೇಲಿ ಕಾವಲು! ಸತ್ತ ಮರ ಕಾದ, ಹೆಂಡತಿ ಮಕ್ಕಳನ್ನ ಕಾಯಲಿಲ್ಲ. ಆ ಹೊತ್ತಿಗೆ ನಾನು ಊರ ತುಂಬ ಆರು ಜನ, ಎಂಟು ಜನ ಅಂತ ಏರಿಸ್ಕೊಂಡು ಬಂದಿದ್ದೆ. ಇವನು ಮಲಗಿದಲ್ಲಿಂದ ಸೊನ್ನೆ ಅಂತಾನೆ! ನನ್ನ ಮಾನ ಏನಾಗಬೇಕು? ನಗಬೇಡ. ಸಿಟ್ಟು ಬಂತು ನನಗೆ. ಈಗಲೂ ಬರುತ್ತೆ.

ಮೂರನೇ ದಿನ ಹೋಗಿಬಿಟ್ಟ. ಹತ್ತಿರ ಇದ್ದವರು ಯಾರು ಅಂದ ಗುಮಾಸ್ತ. ನಾನು ಅಂದೆ. ರುಜು ಹಾಕಿ ಅಂದ, ಹಾಕಿದೆ. ಸತ್ತವರಿಗೂ ನಿಮಗೂ ಏನು ಸಂಬಂಧ ಅಂದ... ಹೌದು, 'ಇಲ್ಲ' ಅಂತ ಬರೆಸಿದೆ! ಹತ್ತೊಂಬತ್ತು ವರ್ಷ ದಿನಾ ಅವನು ಅಂದದ್ದನ್ನ ನಾನು ಒಂದು ಸಲ ಬರೆಸಿದೆ. ತಪ್ಪಾ?

ಏನು? ನಮ್ಮಜ್ಜಿನಾ, ಅವನ ಹೆಂಡತೀನಾ ಕೇಳಿದನಾ ಅಂತಾನಾ? ಕೇಳಿದ, ಕೇಳದೆ ಏನು. "ಅವಳು ಇದ್ದಾಳೇನಪ್ಪ? ಒಂದು ಸಲ ಕರ್ಕೊಂಡು ಬಾ, ಕಾಲು ಹಿಡ್ಕೊಳ್ತೀನಿ" ಅಂದ. ಎಲ್ಲಿಂದ ತರಲಿ ನಾನು? ಅಷ್ಟು ಹೊತ್ತಿಗೆ ಅಜ್ಜಿ ಹೋಗಿಬಿಟ್ಟಿದ್ದಳು, ಪಾಪ. ಇದ್ದಿದ್ದರೆ ಹೆಗಲ ಮೇಲೆ ಹೊತ್ತು ತರ್ತಿದ್ದೆ, ಗೊತ್ತಾ! ಬಸ್ಸಿಗಿಂತ ಮುಂಚೆ ತಲುಪ್ತಿದ್ದೆ!

ಯಾಕೆ ಸುಮ್ಮನಾದೆ?

ಮಾತಾಡೇ. ಬೇಕಾದರೆ ಬೈ. ಬುರುಡೆ ಚಿಕ್ಕಪ್ಪ ಅನ್ನು, ದಿನಾ ಅಂತೀಯಲ್ಲ... ಬೆರಳು ಎಲ್ಲಿಟ್ಟಿದ್ದೀಯ? ಅಜ್ಜಿ ಹೆಸರಿನ ಮೇಲಾ? ಅಲ್ಲೂ ಇಸವಿ ಬರೆದಿದ್ದೀಯ... ಅವಳದ್ದೂ ಹುಡುಕಿ ತಂದೆಯಾ...

ತೆಗಿ ಬೆರಳು.

ನಾಲ್ಕು ವರ್ಷ. ಅವನು ಹೋದ ಮೇಲೆ ಇನ್ನೂ ನಾಲ್ಕು ವರ್ಷ ಇದ್ದಳು. ಸರಿ, ಒಪ್ಪಿಕೊಂಡೆ! ಅದೊಂದು, ಅದೊಂದು ಸಣ್ಣ ವಿಷಯ ನಾನು ಕಟ್ಟಿದ್ದು. ಅವನು ಕೇಳಿದ ಹೊತ್ತಿಗೆ ಅಜ್ಜಿ ಇದೇ ಅಂಗಡಿಯ ಹಿಂದಿನ ಕೋಣೇಲಿ ಕೂತು ಅಂಗಿಗಳಿಗೆ ಕಾಜಾ ಹೊಲೀತಿದ್ದಳು. ಎರಡೂವರೆ ಗಂಟೆಯ ಬಸ್ ದಾರಿ. ಗಂಡನ್ನ ನುಂಗಿದ ಹೊಳೆ ಅಂತ ಅದರ ನೀರು ಮುಟ್ಟದೆ, ಆಚೆ ಬೀದಿ ಬಾವಿಯಿಂದ ಹೊತ್ತು ತರ್ತಿದ್ದಳು. ಸಾಯೋವರೆಗೂ ಹೊತ್ತಳು. ನಾನು ನೋಡ್ತಾ ಇದ್ದೆ.

ಈಗ ನಿನಗೆ ಹೇಳಿದೆನಲ್ಲ, ಹೋಗಿಬಿಟ್ಟಿದ್ದಳು ಅಂತ... ಅವನಿಗೂ ಅದನ್ನೇ ಹೇಳಿದೆ. ಇದೇ ಬಾಯಲ್ಲಿ.

ಅವನೂ ಹೀಗೇ ಕಣಮ್ಮ. ನಿನ್ನ ಹಾಗೇ... ಸುಮ್ಮನಾಗಿಬಿಟ್ಟ.